ಟೈರ್ ಬದಲಿಸಿದ ಮೇಲೆ ಲಾರಿ ಮೀಟರ್ ತಪ್ಪು ತೋರಿಸ್ತಿದೆಯಾ? ದೋಷ ಹುಡುಕುವ ಬಗೆ

ಲಾರಿಗೆ ಹೊಸ ಟೈರ್ ಹಾಕಿಸಿದ ತಿಂಗಳಲ್ಲೇ ಓನರ್‌ಗೂ ಡ್ರೈವರ್‌ಗೂ ಮಾತು ಕೆಡೋದು ನಮ್ಮಲ್ಲಿ ಹೊಸದಲ್ಲ. ಆವರೇಜ್, ಅಂದರೆ ಲೀಟರ್ ಡೀಸೆಲ್‌ಗೆ ಓಡುವ ಕಿಲೋಮೀಟರ್, ಬಿದ್ದಿರುತ್ತೆ. ಟ್ರಿಪ್ ಶೀಟ್‌ನ ಕಿಲೋಮೀಟರ್‌ಗೂ ಮಾಮೂಲಿ ದೂರಕ್ಕೂ ತಾಳೆ ಆಗಲ್ಲ. ಓನರ್‌ಗೆ ಡೀಸೆಲ್ ಮೇಲೆ ಅನುಮಾನ, ಡ್ರೈವರ್‌ಗೆ ಓನರ್ ಮೇಲೆ ಸಿಟ್ಟು. ಆದರೆ ಎಷ್ಟೋ ಸಲ ಡೀಸೆಲ್ ಎಲ್ಲೂ ಹೋಗಿರಲ್ಲ, ಮೀಟರ್ ಕಡಿಮೆ ಎಣಿಸಿರುತ್ತೆ ಅಷ್ಟೇ. ಹಾಗಾಗಿ ಜಗಳಕ್ಕೆ ಮುಂಚೆ ಟೈರ್ ಅಳೆಯಿರಿ.

ಮೀಟರ್‌ಗೆ ರಸ್ತೆ ಕಾಣಿಸಲ್ಲ. ಅದು ಎಣಿಸೋದು ಸುತ್ತುಗಳನ್ನು ಮಾತ್ರ. ಹೆಚ್ಚಿನ ಲಾರಿಗಳಲ್ಲಿ ಗೇರ್‌ಬಾಕ್ಸ್ ಹಿಂಬದಿಯ ಶಾಫ್ಟ್ ಎಷ್ಟು ಸುತ್ತಿತು ಅಂತ ಒಂದು ಸೆನ್ಸರ್ ಎಣಿಸುತ್ತೆ. ಹಳೇ ಗಾಡಿಯಾದರೆ ಆ ಕೆಲಸ ಕೇಬಲ್‌ನದು. ಇಷ್ಟು ಸುತ್ತಿಗೆ ಇಷ್ಟು ದೂರ ಅನ್ನೋ ಲೆಕ್ಕವನ್ನು ಕಂಪನಿಯವರು ತಾವು ಕೊಟ್ಟ ಟೈರ್ ಸೈಜಿಗೆ ತಕ್ಕಂತೆ ಮೊದಲೇ ಕೂರಿಸಿರುತ್ತಾರೆ. ದೊಡ್ಡ ಟೈರ್ ಹಾಕಿದರೆ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತೆ, ಆದರೆ ಮೀಟರ್ ಹಳೇ ಲೆಕ್ಕದಲ್ಲೇ ಇರುತ್ತೆ. ಅಂದರೆ ಟೈರ್ ದೊಡ್ಡದಾದರೆ ಮೀಟರ್ ಕಡಿಮೆ ತೋರಿಸುತ್ತೆ, ಚಿಕ್ಕದಾದರೆ ಜಾಸ್ತಿ ತೋರಿಸುತ್ತೆ. ಇದನ್ನು ಉಲ್ಟಾ ಹೇಳುವವರೇ ಜಾಸ್ತಿ, ಅದಕ್ಕೇ ಒತ್ತಿ ಹೇಳ್ತಿದ್ದೇನೆ.

ಮೊದಲು ಖರ್ಚಿಲ್ಲದ ಪರೀಕ್ಷೆ

ಯಾವ ಲಕ್ಷಣ ಇದ್ದರೂ ಶುರು ಮಾಡಬೇಕಾದ್ದು ಇಲ್ಲಿಂದ. ಟೈರಿನ ಗಾಳಿ ಸರಿ ಇರಲಿ. ತಣ್ಣಗಿರುವಾಗ ನೋಡಿ, ಐವತ್ತು ಕಿಲೋಮೀಟರ್ ಓಡಿಸಿ ಬಂದು ಬಿಸಿ ಟೈರಿಗೆ ಗೇಜ್ ಹಾಕಬೇಡಿ. ಆಮೇಲೆ ನೇರವಾದ, ಸಮತಟ್ಟಾದ ಹೈವೇಯಲ್ಲಿ ಫೋನಿನ ಜಿಪಿಎಸ್ ಸ್ಪೀಡ್ ಆನ್ ಮಾಡಿ. ಮೀಟರ್‌ನಲ್ಲಿ 40 ಹಿಡಿದು ಅರ್ಧ ನಿಮಿಷ ಒಂದೇ ಸಮ ಓಡಿಸಿ, ಜಿಪಿಎಸ್ ಎಷ್ಟು ತೋರಿಸಿತು ಬರೆದುಕೊಳ್ಳಿ. ಹಾಗೇ 60ರಲ್ಲಿ ಇನ್ನೊಮ್ಮೆ. ಫೋನ್ ನೋಡೋದು ಪಕ್ಕದಲ್ಲಿ ಕೂತವರ ಕೆಲಸ, ಡ್ರೈವರ್ ಕಣ್ಣು ರಸ್ತೆ ಮೇಲಿರಲಿ. ಶಿರಾಡಿ, ಚಾರ್ಮಾಡಿ ಥರದ ಘಾಟಿಯಲ್ಲಿ ಈ ಪರೀಕ್ಷೆ ಬೇಡ. ತಿರುವುಗಳಲ್ಲಿ ಮತ್ತು ಮರಗಳ ಮರೆಯಲ್ಲಿ ಜಿಪಿಎಸ್ಸೇ ತಪ್ಪುತ್ತೆ.

ಬರೆದುಕೊಂಡ ಅಂಕಿಯನ್ನು ಹೀಗೆ ಓದಿ. ಎರಡು ಸ್ಪೀಡಿನಲ್ಲೂ ವ್ಯತ್ಯಾಸದ ಶೇಕಡಾ ಒಂದೇ ಸಮ ಬಂದರೆ ಕಾರಣ ಟೈರ್ ಸೈಜ್ ಅಥವಾ ಲೆಕ್ಕ ಕೂರಿಸಿದ್ದರಲ್ಲಿ. ಎಲ್ಲಾ ಸ್ಪೀಡಿನಲ್ಲೂ ಮೂರು ನಾಲ್ಕು ಕಿಲೋಮೀಟರ್ ಅಂತ ಒಂದೇ ಅಂಕಿ ಜಾಸ್ತಿ ತೋರಿಸಿದರೆ ಅದು ಮೀಟರಿನ ಮುಳ್ಳು ಕೂರಿಸಿದ ರೀತಿ, ಚಿಂತೆ ಬೇಡ. ಒಮ್ಮೆ ಹೀಗೆ ಒಮ್ಮೆ ಹಾಗೆ ಬಂದರೆ ಟೈರನ್ನು ಮರೆತುಬಿಡಿ, ತೊಂದರೆ ಕೇಬಲ್ ಅಥವಾ ವೈರಿಂಗ್‌ನಲ್ಲಿದೆ.

ಇನ್ನೊಂದು ವಿಷಯ. ಸ್ಪೀಡೋಮೀಟರ್ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವ ಹಾಗೆಯೇ ಕಂಪನಿಯಿಂದ ಬರುತ್ತೆ. ಮೀಟರ್ 80, ಜಿಪಿಎಸ್ 76 ಅಂದರೆ ಅದು ದೋಷ ಅಲ್ಲ. ಆದರೆ ಒಟ್ಟು ಕಿಲೋಮೀಟರ್ ಎಣಿಸುವ ಓಡೋಮೀಟರ್‌ಗೆ ಸಾಮಾನ್ಯವಾಗಿ ಈ ಜಾಸ್ತಿ ಸೇರಿಸಿರಲ್ಲ. ಹಾಗಾಗಿ ಸ್ಪೀಡ್ ಒಂದನ್ನೇ ನೋಡಿ ಕಿಲೋಮೀಟರ್ ಲೆಕ್ಕವೂ ಇಷ್ಟೇ ತಪ್ಪಿದೆ ಅಂತ ತೀರ್ಮಾನ ಮಾಡಬೇಡಿ. ಎರಡನ್ನೂ ಬೇರೆ ಬೇರೆ ನೋಡಬೇಕು.

ಲಕ್ಷಣ: ಜಿಪಿಎಸ್‌ಗಿಂತ ಮೀಟರ್ ಯಾವಾಗಲೂ ಕಡಿಮೆ ತೋರಿಸುತ್ತೆ

ಟೈರಿನ ಗೋಡೆ ಮೇಲಿನ ಸೈಜ್ ಓದಿ. ಹಳೇ ಸೈಜ್ ಗೊತ್ತಿಲ್ಲದಿದ್ದರೆ ಸ್ಟೆಪ್ನಿ ನೋಡಿ, ಅಲ್ಲಿ ಇನ್ನೂ ಹಳೆಯದೇ ಇರುತ್ತೆ. ಎರಡು ಸಾಲಿನ ಲೆಕ್ಕ ಸಾಕು. 295/90 ಆರ್ 20 ಅಂದರೆ ಅಗಲ 295 ಮಿ.ಮೀ., ಗೋಡೆಯ ಎತ್ತರ ಅದರ ಶೇಕಡಾ 90, ಅಂದರೆ 265.5. ಮೇಲೆ ಕೆಳಗೆ ಸೇರಿ 531. ಅದಕ್ಕೆ ಟೈರ್ ಕೂರುವ 20 ಇಂಚಿನ ಡಿಸ್ಕ್, ಅಂದರೆ 508 ಸೇರಿಸಿ. ಒಟ್ಟು 1039 ಮಿ.ಮೀ. ಇದೇ ಥರ 295/80 ಆರ್ 22.5 ಸುಮಾರು 1043 ಬರುತ್ತೆ. 10.00 ಆರ್ 20 ಥರದ ಹಳೇ ಮಾದರಿಯ ಸೈಜಿಗೆ ಈ ಲೆಕ್ಕ ನಡೆಯಲ್ಲ, ಗೋಡೆಯ ಶೇಕಡಾ ಅದರಲ್ಲಿ ಬರೆದಿರಲ್ಲ. ಅದರ ವ್ಯಾಸ ಹೊಸದರಲ್ಲಿ 1050ರ ಆಸುಪಾಸು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಮ್ಮಿ ಇರುತ್ತೆ.

ಈಗ ಹೋಲಿಸಿ. 10.00 ಆರ್ 20 ತೆಗೆದು 295/90 ಆರ್ 20 ಹಾಕಿದರೆ ವ್ಯತ್ಯಾಸ ಶೇಕಡಾ ಒಂದರ ಹತ್ತಿರ. ಟ್ಯೂಬ್‌ಲೆಸ್ 295/80 ಆರ್ 22.5ಕ್ಕೆ ಹೋದರೆ ಅದಕ್ಕಿಂತಲೂ ಕಡಿಮೆ. ಇಂಥ ಬದಲಾವಣೆಗೆ ಮೀಟರ್ ಸರಿ ಮಾಡಿಸೋಕೆ ದುಡ್ಡು ಖರ್ಚು ಮಾಡೋದು ದಂಡ. ಆದರೆ 11.00 ಆರ್ 20 ಹಾಕಿದರೆ ಮೂರು ಶೇಕಡಾ ಬರುತ್ತೆ. ಆರು ಚಕ್ರದ ಚಿಕ್ಕ ಲಾರಿಗೆ 7.50 ಆರ್ 16 ಜಾಗದಲ್ಲಿ 8.25 ಆರ್ 16 ಹಾಕಿದರಂತೂ ವ್ಯಾಸ ಸುಮಾರು 805ರಿಂದ 860ಕ್ಕೆ ಏರುತ್ತೆ, ಹತ್ತಿರ ಹತ್ತಿರ ಏಳು ಶೇಕಡಾ. ಮೀಟರಿನ ಲೆಕ್ಕದಲ್ಲಿ 80 ಇದ್ದಾಗ ಗಾಡಿ 85ರಲ್ಲಿರುತ್ತೆ.

ಪಿಕಪ್ ಇಟ್ಟುಕೊಂಡವರಿಗೂ ಇದೇ ಲೆಕ್ಕ. 215/75 ಆರ್ 15 ತೆಗೆದು ನೋಡೋಕೆ ದಪ್ಪಗಿರಲಿ ಅಂತ 235/75 ಆರ್ 15 ಹಾಕಿದರೆ ನಾಲ್ಕು ಶೇಕಡಾ ಏರುತ್ತೆ.

ಇಲ್ಲೊಂದು ಸುಲಭದ ಸುಳಿವಿದೆ. ಮುಂದಿನ ಟೈರ್ ಮಾತ್ರ ಬದಲಿಸಿದ್ದೀರಾ? ಮೀಟರ್ ಗೇರ್‌ಬಾಕ್ಸ್‌ನಿಂದ ಲೆಕ್ಕ ತಗೊಳ್ಳುವ ಗಾಡಿಯಾದರೆ ಅದರಿಂದ ಮೀಟರ್‌ಗೆ ಏನೂ ಆಗಲ್ಲ. ಅದಕ್ಕೆ ಸಂಬಂಧ ಇರೋದು ಹೌಸಿಂಗ್ ಕಡೆಯ ಟೈರಿಗೆ, ಅಂದರೆ ಎಂಜಿನ್ ತಿರುಗಿಸುವ ಹಿಂದಿನ ಟೈರಿಗೆ ಮಾತ್ರ. ಮುಂದಿನದು ಬದಲಿಸಿದ ದಿನದಿಂದಲೇ ಮೀಟರ್ ಕೆಟ್ಟಿದೆ ಅಂದರೆ ಕಾರಣ ಬೇರೆ ಕಡೆ ಹುಡುಕಿ.

ಸೀಮೆಸುಣ್ಣದ ಪರೀಕ್ಷೆ

ಸೈಜ್ ಲೆಕ್ಕಕ್ಕಿಂತ ನಂಬಿಕೆಯದು ಇದು. ಲಾರಿ ಭಾರ ಹೊತ್ತಾಗ ಟೈರ್ ಕೆಳಗೆ ಸ್ವಲ್ಪ ಅಮುಕುತ್ತೆ, ಆ ಅಮುಕು ಕಾಗದದ ಲೆಕ್ಕದಲ್ಲಿ ಬರಲ್ಲ. ವೇ ಬ್ರಿಜ್ ಅಂಗಳದಂಥ ಸಮತಟ್ಟಾದ ಸಿಮೆಂಟ್ ನೆಲ ಬೇಕು. ಮಾಮೂಲಿ ಲೋಡ್ ಇರಲಿ, ಗಾಳಿ ಸರಿ ಇರಲಿ. ಹಿಂದಿನ ಹೊರಗಿನ ಟೈರ್ ನೆಲಕ್ಕೆ ತಾಗಿರುವ ಜಾಗದ ನಡುವಿಗೆ ನೇರ ಬರುವ ಹಾಗೆ ಟೈರಿನ ಗೋಡೆ ಮೇಲೊಂದು ಗೆರೆ, ಅದರ ಕೆಳಗೆ ನೆಲದ ಮೇಲೊಂದು ಗೆರೆ ಎಳೆಯಿರಿ. ಸ್ಟೀರಿಂಗ್ ನೇರ ಇಟ್ಟು ಗಾಡಿಯನ್ನು ಮೆಲ್ಲಗೆ ಮುಂದೆ ಬಿಡಿ. ಟೈರಿನ ಗೆರೆ ಐದನೇ ಸಲ ಕೆಳಗೆ ಬಂದಾಗ ನಿಲ್ಲಿಸಿ, ನೆಲಕ್ಕೆ ಇನ್ನೊಂದು ಗೆರೆ. ಟೇಪ್ ಹಿಡಿದು ಅಳೆದು ಐದರಿಂದ ಭಾಗಿಸಿ.

10.00 ಆರ್ 20 ಹೊಸ ಟೈರಿಗೆ ಒಂದು ಸುತ್ತು ಸುಮಾರು 3.2 ಮೀಟರ್ ಬರುತ್ತೆ, ಐದು ಸುತ್ತಿಗೆ 16 ಮೀಟರ್. ಗೆರೆ ಒಂದೆರಡು ಸೆಂಟಿಮೀಟರ್ ಆಚೀಚೆ ಆದರೂ ಲೆಕ್ಕ ಕೆಡಲ್ಲ, ಐದು ಸುತ್ತು ತಗೊಳ್ಳೋದು ಅದಕ್ಕೇ. ಟೈರ್ ಬದಲಿಸುವ ಮುಂಚೆಯೇ ಹಳೆಯದನ್ನು ಹೀಗೆ ಅಳೆದು ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಹೊಸ ಅಳತೆಯನ್ನು ಹಳೇ ಅಳತೆಯಿಂದ ಭಾಗಿಸಿದರೆ ಬರುವ ಅಂಕಿಯೇ ನಿಮ್ಮ ಗಾಡಿಯ ಗುಣಕ. ಮೀಟರ್ ತೋರಿಸಿದ ಕಿಲೋಮೀಟರನ್ನು ಇದರಿಂದ ಗುಣಿಸಬೇಕು. ಗಾಡಿ ಚಲಿಸುವಾಗ ಗೆರೆ ನೋಡುವವರು ಪಕ್ಕಕ್ಕೆ, ದೂರ ನಿಲ್ಲಬೇಕು. ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂರೋದು ಬೇಡವೇ ಬೇಡ.

ಲಕ್ಷಣ: ಸೈಜ್ ಅದೇ ಇದೆ, ಆದರೂ ಆವರೇಜ್ ಬಿದ್ದಿದೆ

ಜಗಳ ಜಾಸ್ತಿ ಆಗೋದು ಇಲ್ಲೇ. ಸೈಜ್ ಬದಲಾಗಿಲ್ಲವಲ್ಲ, ಮತ್ತೆ ಮೀಟರ್ ಹೇಗೆ ತಪ್ಪುತ್ತೆ ಅಂತ ಕೇಳ್ತಾರೆ. ಆದರೆ ನೀವು ಬಿಚ್ಚಿದ್ದು ಸವೆದ ಟೈರ್, ಹಾಕಿದ್ದು ಹೊಸದು. ಹೊಸ ಲಾರಿ ಟೈರಿನ ಗುಂಡಿ, ಅಂದರೆ ರಸ್ತೆಗೆ ತಾಗುವ ರಬ್ಬರ್ ಅಚ್ಚು, ಸುಮಾರು 16 ಮಿ.ಮೀ. ಆಳ ಇದ್ದು, ನೀವು 4 ಮಿ.ಮೀ.ಗೆ ಬಂದಾಗ ತೆಗೆದಿರಿ ಅನ್ನಿ. ಎರಡೂ ಬದಿ ಸೇರಿ ವ್ಯಾಸದಲ್ಲಿ 24 ಮಿ.ಮೀ. ವ್ಯತ್ಯಾಸ, ಅಂದರೆ ಎರಡು ಶೇಕಡಾದ ಆಸುಪಾಸು. ಸವೆದ ಟೈರಿನಲ್ಲಿ ಮೀಟರ್ ಜಾಸ್ತಿ ಎಣಿಸುತ್ತಿತ್ತು, ಹೊಸದರಲ್ಲಿ ನಿಜದ ಹತ್ತಿರ ಬಂದಿದೆ. 10,000 ಕಿಲೋಮೀಟರ್‌ಗೆ 200 ಕಿಲೋಮೀಟರ್ ಕಾಣೆಯಾದ ಹಾಗೆ ಅನ್ನಿಸುತ್ತೆ. ಲೀಟರಿಗೆ 4 ಕೊಡುತ್ತಿದ್ದ ಗಾಡಿ 3.9 ತೋರಿಸುತ್ತೆ.

ಸೈಜೂ ದೊಡ್ಡದು ಮಾಡಿದ್ದರೆ ಇನ್ನೂ ಎದ್ದು ಕಾಣುತ್ತೆ. 7.50ರಿಂದ 8.25ಕ್ಕೆ ಹೋದ ಗಾಡಿ ಮೊದಲು 8 ಕೊಡುತ್ತಿದ್ದರೆ ಈಗ ಮೀಟರ್ ಪ್ರಕಾರ 7.5. ಅರ್ಧ ಕಿಲೋಮೀಟರ್ ಅಂದರೆ ತಿಂಗಳ ಲೆಕ್ಕದಲ್ಲಿ ಸಣ್ಣ ಮೊತ್ತ ಅಲ್ವಲ್ಲ, ಅನುಮಾನ ಹುಟ್ಟೋದು ಸಹಜ.

ನಿಜ ತಿಳಿಯೋಕೆ ದೂರದ ಪರೀಕ್ಷೆ ಮಾಡಿ. ಚಿತ್ರದುರ್ಗ–ದಾವಣಗೆರೆ ನಡುವಿನಂಥ ಹೈವೇಯಲ್ಲಿ ಐವತ್ತು ಕಿಲೋಮೀಟರ್ ಓಡಿಸಿ. ಹೊರಡುವಾಗ ಟ್ರಿಪ್ ಮೀಟರನ್ನೂ ಜಿಪಿಎಸ್ ದೂರವನ್ನೂ ಒಟ್ಟಿಗೆ ಸೊನ್ನೆ ಮಾಡಿ, ಕೊನೆಗೆ ಎರಡನ್ನೂ ಬರೆದುಕೊಳ್ಳಿ. ಜಿಪಿಎಸ್ ದೂರವನ್ನು ಮೀಟರ್ ದೂರದಿಂದ ಭಾಗಿಸಿದರೆ ಇಲ್ಲೂ ಗುಣಕ ಸಿಗುತ್ತೆ. ಗಾಡಿಗೆ ಟ್ರ್ಯಾಕರ್ ಇದ್ದರೆ ಅದರ ರಿಪೋರ್ಟ್ ಸಾಕು. ರಸ್ತೆ ಬದಿಯ ಮೈಲಿಗಲ್ಲನ್ನು ನಂಬಿ ಕೂರಬೇಡಿ, ಬೈಪಾಸ್ ಆದ ಕಡೆ ಅವುಗಳ ನಡುವಿನ ದೂರ ಪಕ್ಕಾ ಇರಲ್ಲ.

ಬಂದ ಗುಣಕದಿಂದ ಕಿಲೋಮೀಟರ್ ತಿದ್ದಿದ ಮೇಲೂ ಆವರೇಜ್ ಕಡಿಮೆ ಬಂದರೆ ಆಗ ಬೇರೆ ಕಾರಣ ಹುಡುಕಿ. ಗಾಳಿ ಕಡಿಮೆ, ಬ್ರೇಕ್ ಹಿಡಿದುಕೊಂಡಿರೋದು, ವ್ಹೀಲ್ ಅಲೈನ್‌ಮೆಂಟ್, ಇಂಜೆಕ್ಟರ್. ಹೊಸ ಟೈರಿನ ದಪ್ಪ ಗುಂಡಿ ಸ್ವಲ್ಪ ಜಾಸ್ತಿ ಡೀಸೆಲ್ ಕುಡಿಯೋದೂ ಉಂಟು. ಡ್ರೈವರ್ ಮೇಲೆ ಅನುಮಾನ ಇವೆಲ್ಲ ಆದ ಮೇಲೆ.

ಲಕ್ಷಣ: ವ್ಯತ್ಯಾಸ ಹತ್ತು ಶೇಕಡಾ ದಾಟಿದೆ

ಟೈರ್ ಒಂದರಿಂದಲೇ ಇಷ್ಟು ಬರೋದು ಕಷ್ಟ. ಈಚೆಗೆ ಹೌಸಿಂಗ್ ಕೆಲಸ ಆಗಿದೆಯಾ ಅಂತ ಕೇಳಿ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ತಪ್ಪದೆ. ಹೌಸಿಂಗ್ ಒಳಗಿನ ಹಲ್ಲಿನ ಚಕ್ರಗಳ ಜೋಡಿ, ಅಂದರೆ ಕ್ರೌನ್ ಪಿನಿಯನ್, 41/6 ಹಲ್ಲಿನದು ಇದ್ದ ಕಡೆ 41/7 ಕೂರಿಸಿದರೆ ಮೀಟರ್ 60 ತೋರಿಸುವಾಗ ಗಾಡಿ 70ರಲ್ಲಿ ಓಡುತ್ತೆ. ಇದೂ ಎಲ್ಲಾ ಸ್ಪೀಡಿನಲ್ಲೂ ಅಷ್ಟೇ ಶೇಕಡಾ ತಪ್ಪುವ ದೋಷ, ಹಾಗಾಗಿ ಟೈರಿನದೇ ಅಂತ ಮೋಸ ಹೋಗೋದು ಸುಲಭ. ಗೇರ್‌ಬಾಕ್ಸ್ ಅಥವಾ ಮೀಟರ್ ಬೋರ್ಡ್ ಬೇರೆ ಮಾದರಿಯದು ಹಾಕಿದ್ದರೂ ಹೀಗೇ ಆಗುತ್ತೆ. ಇಲ್ಲಿ ಮನೆಮದ್ದು ಇಲ್ಲ, ಸರ್ವಿಸ್ ಸೆಂಟರ್‌ಗೆ ಹೋಗಬೇಕು.

ಲಕ್ಷಣ: ಮುಳ್ಳು ಕುಣಿಯುತ್ತೆ

ಟೈರ್ ಎಷ್ಟೇ ತಪ್ಪು ಸೈಜ್ ಆಗಿರಲಿ, ಮುಳ್ಳನ್ನು ಕುಣಿಸಲ್ಲ. ಕೇಬಲ್ ಗಾಡಿಯಾದರೆ ಒಳಗಿನ ತಂತಿ ಒಣಗಿದೆ ಅಥವಾ ಕೇಬಲ್ ಎಲ್ಲೋ ಮಡಚಿದೆ. ಮೀಟರ್ ಹಿಂದಿನಿಂದ ಕೇಬಲ್ ಬಿಚ್ಚಿ ಒಳ ತಂತಿಯನ್ನು ಎಳೆದು ನೋಡಿ. ತುಂಡಾಗಿದ್ದರೆ ಅರ್ಧ ಮಾತ್ರ ಕೈಗೆ ಬರುತ್ತೆ. ಇಡಿಯಾಗಿ ಬಂದರೆ ಒರೆಸಿ, ತೆಳುವಾಗಿ ಗ್ರೀಸ್ ಸವರಿ ಹಾಕಿ. ಮೀಟರ್ ಕಡೆಯ ತುದಿಗೆ ಗ್ರೀಸ್ ಬೇಡ, ಅದು ಮೀಟರ್ ಒಳಗೆ ಹತ್ತಿ ಮುಳ್ಳನ್ನು ಹಿಡಿಸಿಬಿಡುತ್ತೆ. ಸೆನ್ಸರ್ ಗಾಡಿಯಾದರೆ ಗೇರ್‌ಬಾಕ್ಸ್ ಹಿಂಬದಿಯ ಕಪ್ಲರ್ ಬಿಚ್ಚಿ ಒಳಗೆ ನೀರು, ಹಸಿರು ಕಿಲುಬು ಇದೆಯಾ ನೋಡಿ. ಮಳೆಗಾಲದಲ್ಲಿ ಅರ್ಧ ತೊಂದರೆ ಇಲ್ಲೇ ಸಿಗುತ್ತೆ.

ಲಕ್ಷಣ: ಟೈರ್ ಅಂಗಡಿಯಿಂದ ಹೊರಟಾಗಿನಿಂದ ಮೀಟರ್ ಸೊನ್ನೆಯಲ್ಲೇ ನಿಂತಿದೆ, ಅಥವಾ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಉರೀತಿದೆ

ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳು ಕೂಡ ಸತ್ತಿದ್ದರೆ ಫ್ಯೂಸ್ ನೋಡಿ. ಸ್ಪೀಡ್ ಒಂದೇ ಸತ್ತಿದ್ದರೆ ಸೆನ್ಸರ್ ಅಥವಾ ಅದರ ವೈರ್. ಕೆಲವು ಪಿಕಪ್‌ಗಳಲ್ಲಿ ಸ್ಪೀಡ್ ಲೆಕ್ಕ ಬರೋದೇ ಚಕ್ರದ ಎಬಿಎಸ್ ಸೆನ್ಸರ್‌ನಿಂದ. ಟೈರ್ ಬಿಚ್ಚುವಾಗ ಹಬ್ ಹತ್ತಿರದ ವೈರ್ ಎಳೆದುಹೋಗಿರಬಹುದು.

ದೊಡ್ಡ ಲಾರಿಯಲ್ಲಿ ಬರೀ ಟೈರ್ ಬದಲಿಸಿದರೆ ಎಬಿಎಸ್‌ಗೆ ಏನೂ ಆಗಬಾರದು. ಆದರೆ ಹೇಗೂ ಚಕ್ರ ಬಿಚ್ಚಿದ್ದೀವಲ್ಲ ಅಂತ ಹಬ್ ಗ್ರೀಸಿಂಗೂ ಮಾಡಿಸ್ತೀವಿ. ಹಬ್ ಎಳೆದಾಗ ಒಳಗಿನ ಸೆನ್ಸರ್ ಹಿಂದಕ್ಕೆ ಸರಿದಿರುತ್ತೆ. ಅದು ಹಿಡಿಕೆಯೊಳಗೆ ಬಿಗಿಯಾಗಿ ಜಾರುವ ಹಾಗಿರುತ್ತೆ, ಸ್ಕ್ರೂ ಇರಲ್ಲ. ಹಲ್ಲಿನ ರಿಂಗಿಗೆ ತಾಗುವವರೆಗೆ ಕೈಯಿಂದ ಮುಂದೆ ಒತ್ತಿ ಚಕ್ರ ತಿರುಗಿಸಿದರೆ ಬೇಕಾದಷ್ಟು ಜಾಗ ತಾನೇ ಮಾಡಿಕೊಳ್ಳುತ್ತೆ. ಸುತ್ತಿಗೆಯಿಂದ ಬಡಿದರೆ ಸೆನ್ಸರ್ ಹೋಯ್ತು ಅಂತಲೇ ಲೆಕ್ಕ. ಮುಂದಿನ ಮತ್ತು ಹಿಂದಿನ ಟೈರ್ ಗಾತ್ರದಲ್ಲಿ ವ್ಯತ್ಯಾಸ ಜಾಸ್ತಿ ಆದರೂ ಈ ದೀಪ ಬರಬಹುದು. ದೀಪ ಉರಿಯುತ್ತಿದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತೆ, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗೋದನ್ನು ತಡೆಯೋಕೆ ಏನೂ ಇರಲ್ಲ. ಲೋಡ್ ಹಾಕಿಕೊಂಡು ಘಾಟಿ ಇಳಿಯುವ ಮುಂಚೆ ಸರಿ ಮಾಡಿಸಿ.

ಲಕ್ಷಣ: ಸ್ಪೀಡ್ ಗವರ್ನರ್ (ಗಾಡಿ ಸ್ಪೀಡ್ ಮಿತಿ ದಾಟದಂತೆ ತಡೆಯುವ ಸಾಧನ) ತಡವಾಗಿ ಹಿಡಿಯುತ್ತೆ

ಮೀಟರ್‌ನಲ್ಲಿ ಎಂದಿನ ಹಾಗೆ 80ಕ್ಕೇ ಕಟ್ ಆಗುತ್ತೆ, ಜಿಪಿಎಸ್ ನೋಡಿದರೆ ಮೊದಲಿಗಿಂತ ಜಾಸ್ತಿ. ಗವರ್ನರ್‌ಗೂ ಸ್ಪೀಡ್ ತಿಳಿಯೋದು ಅದೇ ಸುತ್ತಿನಿಂದ. ದೊಡ್ಡ ಟೈರ್ ಹಾಕಿದರೆ ಅದೂ ಮೋಸ ಹೋಗುತ್ತೆ. ಟಿಪ್ಪರ್‌ಗಳಿಗೆ 60ರ ಮಿತಿ, ಅಲ್ಲೂ ಹೀಗೇ. ಪೊಲೀಸರ ಸ್ಪೀಡ್ ಗನ್ ನಿಮ್ಮ ಮೀಟರ್ ನೋಡಲ್ಲ, ದಂಡ ಬೀಳೋದು ನಿಜವಾದ ಸ್ಪೀಡಿಗೆ. ಸೀಲ್ ಒಡೆದು ನೀವೇ ತಿರುಗಿಸೋಕೆ ಹೋಗಬೇಡಿ. ಮೀಟರ್ ಲೆಕ್ಕ ಸರಿ ಮಾಡಿಸುವಾಗ ಇದನ್ನೂ ಹೇಳಿ ಮಾಡಿಸಿ.

ಇಂಥದ್ದು ಕಂಡರೆ ಮೀಟರ್ ಬಿಡಿ, ಗಾಡಿ ನಿಲ್ಲಿಸಿ

ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಅಥವಾ ಲೋಡ್ ಬಿದ್ದಾಗ ಟೈರ್ ಎಲ್ಲಾದರೂ ಉಜ್ಜಿದರೆ ಆ ಸೈಜ್ ನಿಮ್ಮ ಗಾಡಿಗೆ ಆಗಲ್ಲ. ಹಳೇ ಡಿಸ್ಕಿಗೆ ಹೊಸ ಸೈಜ್ ಕೂರುತ್ತಾ, ಟೈರಿನ ಲೋಡ್ ನಂಬರ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇದೆಯಾ, ಎರಡನ್ನೂ ಅಂಗಡಿಯಲ್ಲೇ ಕೇಳಿ.

ಹಿಂದಿನ ಜೋಡಿ ಟೈರಿನಲ್ಲಿ ಒಂದು ಹೊಸದು ಒಂದು ಸವೆದದ್ದು ಹಾಕೋದು ಮೀಟರ್ ತಪ್ಪಿಗಿಂತ ದೊಡ್ಡ ಅಪಾಯ. ಭಾರವೆಲ್ಲ ದೊಡ್ಡದರ ಮೇಲೆ ಬೀಳುತ್ತೆ, ಚಿಕ್ಕದು ರಸ್ತೆಯಲ್ಲಿ ಉಜ್ಜಿಕೊಂಡು ಬರುತ್ತೆ, ಎರಡೂ ಬಿಸಿಯಾಗುತ್ತವೆ. ಜೋಡಿಯ ವ್ಯಾಸದಲ್ಲಿ ವ್ಯತ್ಯಾಸ 8.25 ಮತ್ತು ಅದಕ್ಕಿಂತ ಚಿಕ್ಕ ಸೈಜಿಗೆ 6 ಮಿ.ಮೀ., 9.00 ಮತ್ತು ದೊಡ್ಡದಕ್ಕೆ 12 ಮಿ.ಮೀ. ದಾಟಬಾರದು. ರಿಸೋಲ್ ಟೈರನ್ನು, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಹಾಕಿಸಿದ್ದನ್ನು, ಹೊಸದರ ಜೊತೆ ಜೋಡಿ ಮಾಡುವಾಗಲೂ ಟೇಪ್ ಹಿಡಿಯಿರಿ, ಕಣ್ಣಂದಾಜು ಸಾಲದು.

ಟೈರನ್ನು ಡಿಸ್ಕಿನ ಮೇಲೆ ಹಿಡಿದಿಡುವ ಲಾಕ್ ರಿಂಗ್ ಇರುವ ಟ್ಯೂಬ್ ಟೈರಿಗೆ ಗಾಳಿ ತುಂಬಿಸುವಾಗ ರಿಂಗ್ ಎದುರು ಯಾರೂ ನಿಲ್ಲಬಾರದು. ಸರಿಯಾಗಿ ಕೂರದ ರಿಂಗ್ ಹಾರಿ ಜೀವ ತೆಗೆದ ಪ್ರಸಂಗಗಳಿವೆ. ಪಂಜರದೊಳಗೆ ಇಟ್ಟು, ದೂರದಿಂದ ಗಾಳಿ ಬಿಡುವ ಅಂಗಡಿಗೇ ಹೋಗಿ. ಬಿಚ್ಚುವಾಗಲೂ ಗಾಳಿ ಪೂರ್ತಿ ತೆಗೆದ ಮೇಲೇ ಮುಂದಿನ ಕೆಲಸ. ಚಕ್ರ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ವ್ಹೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.

ಸರಿ ಮಾಡಿಸೋದು ಹೇಗೆ

ಎರಡು ಮೂರು ಶೇಕಡಾ ಒಳಗಿದ್ದರೆ ಸುಮ್ನೆ ಬಿಡಿ, ಗುಣಕ ಬರೆದಿಟ್ಟುಕೊಳ್ಳಿ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ, ಈಗಿನ ಎಲೆಕ್ಟ್ರಾನಿಕ್ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಟೈರ್ ಅಳತೆ ಬದಲಿಸುವ ಅವಕಾಶ ಇದೆಯಾ ಅಂತ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಹೋಗುವಾಗ ಸೀಮೆಸುಣ್ಣದ ಅಳತೆ ಕೈಯಲ್ಲಿರಲಿ, ಅವರಿಗೆ ಬೇಕಾದ್ದೂ ಅದೇ. ಕೇಬಲ್ ಗಾಡಿಯಲ್ಲಿ ಗೇರ್‌ಬಾಕ್ಸ್ ಕಡೆಯ ಚಿಕ್ಕ ಹಲ್ಲಿನ ಚಕ್ರ ಬದಲಿಸಬೇಕಾಗುತ್ತೆ. ಎಲ್ಲಾ ಮಾದರಿಗೂ ಅದು ಸಿಗಲ್ಲ. ಸಿಗದಿದ್ದರೆ ಕಂಪನಿ ಕೊಟ್ಟ ಸೈಜಿಗೇ ವಾಪಸ್ ಹೋಗೋದು ವಾಸಿ.

ಯಾರಾದರೂ ಓಡೋಮೀಟರ್ ಅಂಕಿಯನ್ನೇ ತಿದ್ದಿ ಕೊಡ್ತೀನಿ ಅಂದರೆ ಬೇಡ ಅನ್ನಿ. ಮುಂದಿನ ಎಣಿಕೆ ಸರಿ ಮಾಡಿಸೋದು ರಿಪೇರಿ, ಹಿಂದಿನ ಅಂಕಿ ಬದಲಿಸೋದು ವಂಚನೆ. ಗಾಡಿ ಮಾರುವಾಗ ಅದು ನಿಮ್ಮ ತಲೆಗೇ ಬರುತ್ತೆ.

ಲಾಗ್ ಪುಸ್ತಕದಲ್ಲಿ ಟೈರ್ ಬದಲಿಸಿದ ದಿನ, ಆ ದಿನದ ಓಡೋಮೀಟರ್ ಅಂಕಿ, ಹಳೇ ಸೈಜ್, ಹೊಸ ಸೈಜ್, ಗುಣಕ ಇಷ್ಟನ್ನೂ ಬರೆದಿಡಿ. ಟ್ರಿಪ್ ಶೀಟ್ ಲೆಕ್ಕ ಅಲ್ಲಿಂದ ಮುಂದೆ ಗುಣಕ ಹಾಕಿಯೇ ಆಗಲಿ. ಸರ್ವಿಸ್‌ಗೂ ಇದೇ ಲೆಕ್ಕ. 20,000ಕ್ಕೆ ಆಯಿಲ್ ಬದಲಿಸುವ ಗಾಡಿಗೆ ಏಳು ಶೇಕಡಾ ದೊಡ್ಡ ಟೈರ್ ಹಾಕಿ ಮೀಟರ್ ಹಾಗೇ ಬಿಟ್ಟಿದ್ದರೆ, ಮೀಟರ್ 18,700 ತೋರಿಸುವಾಗಲೇ ಆಯಿಲ್ ಬದಲಿಸಿ.